ಬ್ರೌಸರ್ ಓಡ್ತದ, ಉಳಿದದ್ದಕ್ಕೆಲ್ಲ ಹೆಸರು ಸಿಗವಲ್ದು: ಫೈರ್‌ವಾಲ್ ಹಿಂದಿನ ಲ್ಯಾಬ್‌ನ ಡಿಎನ್‌ಎಸ್ ತೊಂದರೆ

ರಾಯಚೂರು_ಲ್ಯಾಬ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ್ರಿ. ರಾಯಚೂರಿನ ಒಂದು ಡಿಗ್ರಿ ಕಾಲೇಜಿನ ಕಂಪ್ಯೂಟರ್ ಲ್ಯಾಬ್‌ನ ತೊಂದರೆ ಇದು. ಯಂತ್ರಗಳು 46: ವಿಂಡೋಸ್ 10 ಇರೋವು 20, ಉಬುಂಟು 22.04 ಇರೋವು 20, ಹಿಂದಿನ ಸಾಲಿನ 6 ಡೆಬಿಯನ್ 12. ಕಮಾಂಡುಗಳನ್ನೂ ಕನ್ನಡ ಅಕ್ಷರದಾಗೇ ಬರದೀನಿ, ಟರ್ಮಿನಲ್‌ನ್ಯಾಗ ಹೊಡೆಯುವಾಗ ಇಂಗ್ಲಿಷಿನ್ಯಾಗ ಹೊಡೀರಿ.

ನೆಟ್‌ವರ್ಕ್ ಹಿಂಗದ. ಬೇಸಿಗೆ ರಜೆಯಾಗ ಲ್ಯಾಬ್ ಅನ್ನು ಬೇರೆ ವಿಲ್ಯಾನ್‌ಗೆ (ನೆಟ್‌ವರ್ಕ್‌ನ್ಯಾಗ ಪ್ರತ್ಯೇಕ ಮಾಡಿದ ಭಾಗ) ಹಾಕ್ಯಾರ, ಈಗ ಅದು 10.20.14.0/24. ಕ್ಯಾಂಪಸ್‌ನ ಡಿಎನ್‌ಎಸ್ ಸರ್ವರ್ (ಹೆಸರಿಗೆ ಐಪಿ ವಿಳಾಸ ಹುಡುಕಿ ಕೊಡೋದು) 10.20.0.2, ಅದರಾಗ ಬೈಂಡ್ ಅನ್ನೋ ಡಿಎನ್‌ಎಸ್ ಸಾಫ್ಟ್‌ವೇರ್ ಓಡ್ತದ. ಪ್ರಾಕ್ಸಿ 10.20.0.10, ಪೋರ್ಟ್ 3128. ನಡುವೆ ಫೈರ್‌ವಾಲ್. ಹೊರಗ ಹೋಗೋದು ಪ್ರಾಕ್ಸಿ ಮೂಲಕ ಮಾತ್ರ, ನೇರ ದಾರಿ ಇಲ್ಲ. ಯಂತ್ರಗಳಿಗೆ ವಿಳಾಸ ಹಂಚೋ ಡಿಎಚ್‌ಸಿಪಿ ಎರಡು ಡಿಎನ್‌ಎಸ್ ಕೊಡ್ತದ: 10.20.0.2 ಮತ್ತು 8.8.8.8 (ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್). ಡೆಬಿಯನ್ ಯಂತ್ರಕ್ಕೆ ಮಾತ್ರ ಕೈಯಿಂದ 10.20.0.2 ಒಂದೇ ಬರದದ.

ತೊಂದರೆಗಳು:

ಬ್ರೌಸರ್‌ನ್ಯಾಗ ಎಲ್ಲ ಸೈಟೂ ತೆರೀತಾವ. ಆದ್ರ ಅದೇ ವಿಂಡೋಸ್ ಯಂತ್ರದಾಗ ಎನ್‌ಎಸ್‌ಲುಕಪ್ ಗೂಗಲ್.ಕಾಮ್ ಅಂದ್ರ ಮೊದಲು ‘ಸರ್ವರ್: ಅನ್‌ನೋನ್’ ಅಂತ ಬರ್ತದ, ಆಮೇಲೆ ‘ಕ್ವೆರಿ ರಿಫ್ಯೂಸ್ಡ್’.

ಉಬುಂಟುದಾಗ ಸಾಫ್ಟ್‌ವೇರ್ ಪಟ್ಟಿ ಹೊಸದು ಮಾಡೋ ಎಪಿಟಿ ಅಪ್‌ಡೇಟ್ ಹೊಡೆದ್ರ ಹೆಸರು ಸಿಕ್ಕಂಗ ಕಾಣ್ತದ, ಆದ್ರ ‘ಕನೆಕ್ಟಿಂಗ್’ ಅಂತ ನಿಂತು ಟೈಮ್‌ಔಟ್. ಡೆಬಿಯನ್‌ನ್ಯಾಗ ಸೀದಾ ‘ಟೆಂಪರರಿ ಫೇಲ್ಯೂರ್ ರಿಸಾಲ್ವಿಂಗ್’.

ಲೈಬ್ರರಿ ಕ್ಯಾಟಲಾಗ್ ಇರೋ ಕೋಹಾ.ಕ್ಯಾಂಪಸ್.ಲ್ಯಾನ್ ಉಬುಂಟುದಾಗ ಯಂತ್ರ ಚಾಲೂ ಮಾಡಿದ ಕೂಡಲೇ ಸಿಗ್ತದ, ಸ್ವಲ್ಪ ಹೊತ್ತಿಗೆ ‘ಹೆಸರೇ ಇಲ್ಲ’ ಅಂತದ. ರೀಸ್ಟಾರ್ಟ್ ಮಾಡಿದ್ರ ಮತ್ತ ಸಿಗ್ತದ.

ಡೆಬಿಯನ್‌ನ್ಯಾಗ ಅದೇ ಕೋಹಾ ಯಾವಾಗ್ಲೂ ಸಿಗ್ತದ, ಆದ್ರ ಪ್ರತಿ ಸಲ ಸರಿಯಾಗಿ 5 ಸೆಕೆಂಡ್ ತಡ.

ಪ್ರಿಂಟ್.ಲೋಕಲ್ ಅನ್ನೋ ಪ್ರಿಂಟ್ ಸರ್ವರ್ ವಿಂಡೋಸ್‌ಗೆ ಸಿಗ್ತದ, ಉಬುಂಟುಗೆ ಒಮ್ಮೆಯೂ ಸಿಕ್ಕಿಲ್ಲ.

ನೆಟ್‌ವರ್ಕ್ ನೋಡಿಕೊಳ್ಳೋ ಸರ್ ‘8.8.8.8 ನಾವು ಬ್ಲಾಕ್ ಮಾಡೀವಿ’ ಅಂತಾರ. ಬ್ಲಾಕ್ ಆಗಿದ್ರ ಅದು ಉತ್ತರ ಹೆಂಗ ಕೊಡ್ತದ? ಎಲ್ಲಿಂದ ಹುಡುಕಾಕ ಶುರು ಮಾಡಬೇಕು?

---

ಬಳ್ಳಾರಿ_ಬೈಂಡ್

ಒಂದೇ ರೋಗ ಅನ್ಕೊಂಡು ಹೊರಟ್ರೆ ಸಿಗಲ್ರೀ. ನಿಮ್ಮಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ಕಾರಣ ಒಂದರ ಮೇಲೊಂದು ಕೂತಿವೆ. ಏನಾದ್ರೂ ಬದಲಾಯಿಸೋಕೆ ಮುಂಚೆ ಪ್ರತಿ ತೊಂದರೆಗೂ ಮೂರು ವಿಷಯ ಬರೆದಿಟ್ಕೊಳ್ರಿ: ಉತ್ತರ ಯಾರು ಕೊಟ್ರು, ಏನು ಅಂತ ಕೊಟ್ರು, ಎಷ್ಟು ಹೊತ್ತು ತಗೊಂಡ್ರು. ‘ಡಿಎನ್‌ಎಸ್ ಕೆಲಸ ಮಾಡ್ತಿಲ್ಲ’ ಅನ್ನೋ ಮಾತಿನಿಂದ ಏನೂ ತಿಳಿಯಲ್ಲ. ರಿಫ್ಯೂಸ್ಡ್ ಅಂದ್ರೆ ಸರ್ವರ್ ಇದೆ, ನಿಮಗೆ ಹೇಳಲ್ಲ ಅಂತಿದೆ. ಎನ್‌ಎಕ್ಸ್‌ಡೊಮೇನ್ ಅಂದ್ರೆ ಆ ಹೆಸರೇ ಇಲ್ಲ ಅಂತ ಖಚಿತವಾಗಿ ಹೇಳ್ತಿದೆ. ಸರ್ವ್‌ಫೇಲ್ ಅಂದ್ರೆ ಹುಡುಕೋಕೆ ಹೋಗಿ ಸೋತಿದೆ. ಟೈಮ್‌ಔಟ್ ಅಂದ್ರೆ ಪ್ಯಾಕೆಟ್ ಹೋಗ್ತಾನೋ ಬರ್ತಾನೋ ಕಳೆದುಹೋಗಿದೆ. ಒಂದೊಂದಕ್ಕೂ ಮದ್ದು ಬೇರೆ.

ಮೊದಲು ‘ಸರ್ವರ್: ಅನ್‌ನೋನ್’ ತಲೆನೋವು ಬಿಡ್ರಿ. ಎನ್‌ಎಸ್‌ಲುಕಪ್ ಶುರುವಾದಾಗ ಡಿಎನ್‌ಎಸ್ ಸರ್ವರ್‌ನ ಐಪಿಗೆ ಹೆಸರೇನು ಅಂತ ಉಲ್ಟಾ ಕೇಳುತ್ತೆ. 10.20.0.2ಗೆ ಪಿಟಿಆರ್ ದಾಖಲೆ (ಐಪಿಯಿಂದ ಹೆಸರು ಹೇಳೋದು) ಇಲ್ಲದಿದ್ರೆ ಅನ್‌ನೋನ್ ಅಂತ ತೋರಿಸುತ್ತೆ, ಅಷ್ಟೇ. ಅದು ದೋಷ ಅಲ್ಲ. ಇನ್ನೊಂದು: ಎನ್‌ಎಸ್‌ಲುಕಪ್ ಹೋಸ್ಟ್ಸ್ ಫೈಲ್ ಓದಲ್ಲ, ವಿಂಡೋಸ್ ಕ್ಯಾಶೆನೂ ನೋಡಲ್ಲ. ಪಿಂಗ್ ಎರಡನ್ನೂ ನೋಡುತ್ತೆ. ಅದಕ್ಕೇ ಎರಡರ ಫಲಿತಾಂಶ ಬೇರೆ ಬಂದ್ರೆ ಗಾಬರಿ ಬೇಡ, ಅದೇ ಒಂದು ಸುಳಿವು. ಹೊರಗಿನ ಹೆಸರು ಕೇಳುವಾಗ ಕೊನೆಗೆ ಒಂದು ಚುಕ್ಕಿ ಹಾಕ್ರಿ, ‘ಗೂಗಲ್.ಕಾಮ್.’ ಅಂತ. ಇಲ್ಲಾಂದ್ರೆ ಕ್ಯಾಂಪಸ್.ಲ್ಯಾನ್ ಬಾಲ ಅಂಟಿಸಿ ಕೇಳಿರುತ್ತೆ, ನೀವು ಬೇರೆ ಪ್ರಶ್ನೆಯ ಉತ್ತರ ಓದ್ತಿರ್ತೀರಿ.

ಬ್ರೌಸರ್ ಯಾಕೆ ಓಡುತ್ತೆ? ಪ್ರಾಕ್ಸಿ ಇದ್ದಾಗ ಬ್ರೌಸರ್ ಹೆಸರನ್ನ ತಾನು ಬಿಡಿಸೋದೇ ಇಲ್ಲ. ‘ಈ ಹೆಸರಿಗೆ ಕನೆಕ್ಟ್ ಮಾಡು’ ಅಂತ ಪೂರ್ತಿ ಹೆಸರನ್ನ ಪ್ರಾಕ್ಸಿಗೆ ಕೊಡುತ್ತೆ, ಡಿಎನ್‌ಎಸ್ ಕೇಳೋದು ಪ್ರಾಕ್ಸಿ. ಅಂದ್ರೆ ಬ್ರೌಸರ್ ಓಡೋದರಿಂದ ನಿಮ್ಮ ಯಂತ್ರದ ಡಿಎನ್‌ಎಸ್ ಸರಿ ಇದೆ ಅಂತ ಆಗಲ್ಲ. ಉಳಿದ ಪ್ರೋಗ್ರಾಮ್‌ಗಳಿಗೂ ಪ್ರಾಕ್ಸಿ ಹೇಳಿಕೊಟ್ರೆ ಅವಕ್ಕೂ ಹೊರಗಿನ ಡಿಎನ್‌ಎಸ್ ಬೇಕಾಗಲ್ಲ.

ಎಪಿಟಿಗೆ: /ಇಟಿಸಿ/ಎಪಿಟಿ/ಎಪಿಟಿ.ಕಾನ್ಫ್.ಡಿ/ ಒಳಗೆ 95ಪ್ರಾಕ್ಸಿ ಅಂತ ಫೈಲ್ ಮಾಡಿ ಎರಡು ಸಾಲು ಬರೀರಿ. ‘ಅಕ್ವೈರ್::ಎಚ್‌ಟಿಟಿಪಿ::ಪ್ರಾಕ್ಸಿ’ ಒಂದು, ‘ಅಕ್ವೈರ್::ಎಚ್‌ಟಿಟಿಪಿಎಸ್::ಪ್ರಾಕ್ಸಿ’ ಇನ್ನೊಂದು. ಎರಡಕ್ಕೂ ಬೆಲೆ ಎಚ್‌ಟಿಟಿಪಿ://10.20.0.10:3128/, ಉದ್ಧರಣ ಚಿಹ್ನೆಯೊಳಗೆ, ಸಾಲಿನ ಕೊನೆಗೆ ಅರ್ಧವಿರಾಮ. ಎಚ್‌ಟಿಟಿಪಿಎಸ್ ಸಾಲಿಗೂ ಪ್ರಾಕ್ಸಿಯ ವಿಳಾಸ ಎಚ್‌ಟಿಟಿಪಿ ಅಂತಲೇ ಶುರುವಾಗಬೇಕು, ಬಹಳ ಜನ ಇಲ್ಲಿ ತಪ್ತಾರೆ. ಬರೀ ಶೆಲ್‌ನಲ್ಲಿ ಪ್ರಾಕ್ಸಿ ವೇರಿಯಬಲ್ ಎಕ್ಸ್‌ಪೋರ್ಟ್ ಮಾಡಿ ಸುಡೋ ಎಪಿಟಿ ಹೊಡೆದ್ರೆ ಆಗಲ್ಲ, ಸುಡೋ ಆ ವೇರಿಯಬಲ್ಲನ್ನ ಒಳಗೆ ಬಿಡಲ್ಲ. ಗಿಟ್, ಪಿಪ್, ಸ್ನ್ಯಾಪ್ ಮೂರಕ್ಕೂ ತಮ್ಮದೇ ಪ್ರಾಕ್ಸಿ ಸೆಟ್ಟಿಂಗ್ ಇದೆ.

ಎಲ್ಲಿ ನಿಂತಿದೆ ಅಂತ ಪತ್ತೆ ಮಾಡೋಕೆ ಕರ್ಲ್ ಒಳ್ಳೇದು, ಅದರ ಎಗ್ಸಿಟ್ ಕೋಡ್ ನೋಡ್ರಿ. 5 ಅಂದ್ರೆ ಪ್ರಾಕ್ಸಿಯ ಹೆಸರೇ ರಿಸಾಲ್ವ್ ಆಗಿಲ್ಲ, 6 ಅಂದ್ರೆ ಹೋಗಬೇಕಾದ ಹೆಸರು ರಿಸಾಲ್ವ್ ಆಗಿಲ್ಲ, 7 ಅಂದ್ರೆ ಹೆಸರು ಸಿಕ್ತು ಆದ್ರೆ ಕನೆಕ್ಷನ್ ಆಗಲಿಲ್ಲ, 28 ಅಂದ್ರೆ ಸಮಯ ಮೀರಿತು. ಪ್ರಾಕ್ಸಿ ಹಾಕಿದ ಮೇಲೂ 6 ಬರ್ತಿದ್ರೆ ಆ ಪ್ರೋಗ್ರಾಮ್ ಪ್ರಾಕ್ಸಿ ಸೆಟ್ಟಿಂಗ್ ಓದ್ತಾನೇ ಇಲ್ಲ.

ಇನ್ನು ಈ ನಾಲ್ಕು ಪರೀಕ್ಷೆ ಉಬುಂಟು ಯಂತ್ರದಲ್ಲಿ ಮಾಡಿ ಫಲಿತಾಂಶ ಹಾಕ್ರಿ (ಡಿಗ್ ಅಂದ್ರೆ @ ಮುಂದೆ ಬರೆದ ಸರ್ವರನ್ನೇ ನೇರ ಕೇಳೋ ಕಮಾಂಡ್):

ಡಿಗ್ @10.20.0.2 ಕೋಹಾ.ಕ್ಯಾಂಪಸ್.ಲ್ಯಾನ್
ಡಿಗ್ @10.20.0.2 ಗೂಗಲ್.ಕಾಮ್
ಡಿಗ್ @8.8.8.8 ಕೋಹಾ.ಕ್ಯಾಂಪಸ್.ಲ್ಯಾನ್
ಡಿಗ್ @192.0.2.1 ಗೂಗಲ್.ಕಾಮ್

ಕೊನೆಯದು ಮುಖ್ಯ. 192.0.2.0/24 ಪಟ್ಟಿಯನ್ನ ಪುಸ್ತಕ, ದಾಖಲೆಗಳಲ್ಲಿ ಉದಾಹರಣೆ ಬರೆಯೋಕೆ ಅಂತಲೇ ಕಾದಿರಿಸಿದ್ದಾರೆ, ಆ ವಿಳಾಸದಲ್ಲಿ ಯಾವ ಡಿಎನ್‌ಎಸ್ ಸರ್ವರೂ ಇರಬಾರದು. ಅಲ್ಲಿಂದಲೂ ಉತ್ತರ ಬಂತು ಅಂದ್ರೆ ದಾರೀಲಿ ಯಾರೋ ಪ್ಯಾಕೆಟ್ ಹಿಡಿದು ತಾವೇ ಉತ್ತರ ಕೊಡ್ತಿದ್ದಾರೆ. ಜತೆಗೆ ಕೋಹಾ ಸಿಗದೇ ಇರುವಾಗ ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’ ಹೊಡೆದು ‘ಕರೆಂಟ್ ಡಿಎನ್‌ಎಸ್ ಸರ್ವರ್’ ಅನ್ನೋ ಸಾಲು ನೋಡ್ರಿ.

---

ರಾಯಚೂರು_ಲ್ಯಾಬ್

ಮಾಡಿ ನೋಡೀನ್ರಿ ಸರ್.

1. ನೋಎರರ್, ಉತ್ತರ 10.20.0.25, 3 ಮಿಲಿಸೆಕೆಂಡ್.
2. ರಿಫ್ಯೂಸ್ಡ್, 2 ಮಿಲಿಸೆಕೆಂಡ್.
3. ಎನ್‌ಎಕ್ಸ್‌ಡೊಮೇನ್.
4. ನೋಎರರ್! ಗೂಗಲ್‌ನ ವಿಳಾಸ ಬಂತು.

ಕೋಹಾ ಸಿಗದ ಯಂತ್ರದಾಗ ಕರೆಂಟ್ ಡಿಎನ್‌ಎಸ್ ಸರ್ವರ್ 8.8.8.8 ಅಂತ ತೋರಿಸ್ತದ. ಸಿಗೋ ಯಂತ್ರದಾಗ 10.20.0.2.

---

ಬಳ್ಳಾರಿ_ಬೈಂಡ್

ಈಗ ಚಿತ್ರ ಪೂರ್ತಿ ಆಯ್ತು ನೋಡ್ರಿ.

ನಿಮ್ಮ ಸರ್ ಸುಳ್ಳು ಹೇಳಿಲ್ಲ. 8.8.8.8ಗೆ ನಿಮ್ಮ ಪ್ಯಾಕೆಟ್ ಹೋಗ್ತಾನೇ ಇಲ್ಲ. ಫೈರ್‌ವಾಲ್‌ನಲ್ಲಿ ಪೋರ್ಟ್ 53ಕ್ಕೆ ಹೊರಗೆ ಹೋಗೋದನ್ನೆಲ್ಲ ತನ್ನ ಕಡೆ ತಿರುಗಿಸೋ ನಿಯಮ ಇದೆ. ಫೈರ್‌ವಾಲ್‌ನ ಡಿಎನ್‌ಎಸ್ ರಿಲೇ ಉತ್ತರ ತಂದು, ‘ನಾನು 8.8.8.8’ ಅಂತ ಹೇಳಿ ಕೊಡುತ್ತೆ. ಆ ರಿಲೇಗೆ ಹೊರಗಿನ ಹೆಸರು ಗೊತ್ತು, ಕ್ಯಾಂಪಸ್.ಲ್ಯಾನ್ ಗೊತ್ತಿಲ್ಲ. ಅದಕ್ಕೇ ಕೋಹಾ ಕೇಳಿದ್ರೆ ಎನ್‌ಎಕ್ಸ್‌ಡೊಮೇನ್.

ಉಬುಂಟು ಅಲ್ಲಿಗೆ ಯಾಕೆ ಹೋಯ್ತು? ಎರಡನೇ ಡಿಎನ್‌ಎಸ್ ಅಂದ್ರೆ ‘ಮೊದಲನೆಯವನಿಗೆ ಗೊತ್ತಿಲ್ಲದ್ದನ್ನ ಹೇಳೋನು’ ಅಂತ ಎಲ್ಲರೂ ಅನ್ಕೊಂಡಿದ್ದಾರೆ. ಅದು ತಪ್ಪು. ಮೊದಲನೆಯವನು ‘ಇಲ್ಲ’ ಅಂದ್ರೆ ಅದೇ ಕೊನೆಯ ಮಾತು, ಎರಡನೆಯವನನ್ನ ಕೇಳೋದಿಲ್ಲ. ಉತ್ತರವೇ ಬರದಿದ್ದಾಗ, ಅಥವಾ ರಿಫ್ಯೂಸ್ಡ್, ಸರ್ವ್‌ಫೇಲ್ ಬಂದಾಗ ಮಾತ್ರ ಮುಂದಿನವನ ಹತ್ತಿರ ಹೋಗೋದು. ಉಬುಂಟುದ ಸಿಸ್ಟಮ್‌ಡಿ-ರಿಸಾಲ್ವ್ಡ್‌ಗೆ ಇನ್ನೊಂದು ಗುಣ ಇದೆ: ಒಮ್ಮೆ ಎರಡನೆಯವನ ಹತ್ತಿರ ಹೋದ್ರೆ ಅವನು ಸೋಲೋವರೆಗೂ ಅಲ್ಲೇ ಇರುತ್ತೆ, ತಾನಾಗಿ ಮೊದಲನೆಯವನಿಗೆ ವಾಪಸ್ ಬರಲ್ಲ.

ನಿಮ್ಮಲ್ಲಿ ಯಂತ್ರ ಚಾಲೂ ಆಗುತ್ತೆ, 10.20.0.2 ಹಿಡಿಯುತ್ತೆ, ಕೋಹಾ ಸಿಗುತ್ತೆ. ಆಮೇಲೆ ಯಾರೂ ಕೇಳದಿದ್ರೂ ನೆಟ್‌ವರ್ಕ್‌ಮ್ಯಾನೇಜರ್ ಇಂಟರ್ನೆಟ್ ಇದೆಯಾ ಅಂತ ನೋಡೋಕೆ, ಟೈಮ್‌ಸಿಂಕ್ಡ್ ಗಡಿಯಾರ ಸರಿ ಮಾಡೋಕೆ ಹೊರಗಿನ ಹೆಸರು ಕೇಳ್ತವೆ. 10.20.0.2 ರಿಫ್ಯೂಸ್ಡ್ ಅಂತು. ರಿಸಾಲ್ವ್ಡ್ 8.8.8.8ಗೆ ಜಿಗೀತು, ಅಲ್ಲೇ ಕೂತುಕೊಂಡ್ತು. ಅಲ್ಲಿಗೆ ಕೋಹಾ ಮಾಯ. ರೀಸ್ಟಾರ್ಟ್ ಮಾಡಿದ್ರೆ ಪಟ್ಟಿ ಮೊದಲಿನಿಂದ ಶುರು, ಅದಕ್ಕೇ ಮತ್ತೆ ಸಿಗುತ್ತೆ. ಎಪಿಟಿಗೆ ಹೆಸರು ಸಿಕ್ಕು ಕನೆಕ್ಷನ್ ನಿಲ್ಲೋದೂ ಇದರದೇ ಫಲ: ಹೆಸರು ರಿಲೇಯಿಂದ ಬಂತು, ಆದ್ರೆ ನೇರ ಹೊರಗೆ ಹೋಗೋ ದಾರಿ ಇಲ್ಲ.

ಮೂಲ ಕಾರಣ 10.20.0.2 ಯಾಕೆ ರಿಫ್ಯೂಸ್ ಮಾಡ್ತಿದೆ ಅನ್ನೋದು. ಬೈಂಡ್‌ನಲ್ಲಿ ‘ಅಲೋ-ರಿಕರ್ಷನ್’ ಬರೆಯದೇ ಬಿಟ್ರೆ ಅದರ ಡೀಫಾಲ್ಟ್ ‘ಲೋಕಲ್‌ನೆಟ್ಸ್, ಲೋಕಲ್‌ಹೋಸ್ಟ್’. ಅಂದ್ರೆ ಸರ್ವರ್ ತಾನು ನೇರ ಕೂತಿರೋ ಸಬ್‌ನೆಟ್‌ಗೆ ಮಾತ್ರ ಹೊರಗಿನ ಹೆಸರು ಹುಡುಕಿ ಕೊಡುತ್ತೆ. ಲ್ಯಾಬ್ ಅದೇ ಸಬ್‌ನೆಟ್‌ನಲ್ಲಿದ್ದಾಗ ನಡೀತಿತ್ತು. ವಿಲ್ಯಾನ್ ಬೇರೆ ಮಾಡಿದ ದಿನದಿಂದ ನೀವು ಅದಕ್ಕೆ ಹೊರಗಿನವರು. ತನ್ನದೇ ಝೋನ್ (ತಾನೇ ನೋಡಿಕೊಳ್ಳೋ ಹೆಸರುಗಳ ಗುಂಪು) ಆದ ಕ್ಯಾಂಪಸ್.ಲ್ಯಾನ್ ಮಾತ್ರ ಎಲ್ಲರಿಗೂ ಹೇಳುತ್ತೆ. ಸರ್ವರ್‌ನ ಲಾಗ್‌ನಲ್ಲಿ ನಿಮ್ಮ 10.20.14 ವಿಳಾಸದ ಮುಂದೆ ‘ಕ್ವೆರಿ (ಕ್ಯಾಶೆ) … ಡಿನೈಡ್’ ಅನ್ನೋ ಸಾಲುಗಳು ಇರಲೇಬೇಕು, ನಿಮ್ಮ ಸರ್‌ಗೆ ತೋರಿಸ್ರಿ.

ಅವರು ಮಾಡಬೇಕಾದ್ದು: ನೇಮ್ಡ್ ಕಾನ್ಫಿಗ್‌ನ ಆಪ್ಷನ್ಸ್ ಭಾಗದಲ್ಲಿ ಅಲೋ-ರಿಕರ್ಷನ್ ಬರೆದು ಅದರೊಳಗೆ ಲೋಕಲ್‌ಹೋಸ್ಟ್, ಲೋಕಲ್‌ನೆಟ್ಸ್, 10.20.14.0/24 ಮೂರನ್ನೂ ಹಾಕೋದು. ಹೊಸದನ್ನ ಮಾತ್ರ ಬರೆದು ಹಳೇ ಎರಡನ್ನ ಬಿಟ್ರೆ ಆಫೀಸಿನವರ ಡಿಎನ್‌ಎಸ್ ನಿಂತುಹೋಗುತ್ತೆ, ಎಚ್ಚರ. ‘ಅಲೋ-ಕ್ವೆರಿ-ಕ್ಯಾಶೆ’ ಬೇರೆ ಬರೆದಿಲ್ಲ ಅಂದ್ರೆ ಅದು ಅಲೋ-ರಿಕರ್ಷನ್ ಪಟ್ಟಿಯನ್ನೇ ತಗೊಳ್ಳುತ್ತೆ. ಬರೆದಿದ್ರೆ ಅಲ್ಲೂ ಸೇರಿಸಬೇಕು. ನೇಮ್ಡ್-ಚೆಕ್‌ಕಾನ್ಫ್ ಓಡಿಸಿ ತಪ್ಪಿಲ್ಲ ಅಂತ ನೋಡಿ, ಆಮೇಲೆ ಆರ್‌ಎನ್‌ಡಿಸಿ ರೀಕಾನ್ಫಿಗ್. ‘ಎನಿ’ ಅಂತ ಮಾತ್ರ ಬರೀಬೇಡಿ. ಆ ಸರ್ವರ್ ಹೊರಗಿನಿಂದ ಮುಟ್ಟೋ ಹಾಗಿದ್ರೆ ಊರೆಲ್ಲ ಅದನ್ನ ದಾಳಿಗೆ ಬಳಸ್ಕೊಳ್ತಾರೆ.

ಅದಾದ ಮೇಲೆ ಡಿಎಚ್‌ಸಿಪಿಯ ಆಪ್ಷನ್ 6ರಿಂದ 8.8.8.8 ತೆಗೀರಿ. ಎರಡನೆಯದು ಬೇಕೇ ಬೇಕು ಅಂದ್ರೆ ಕ್ಯಾಂಪಸ್.ಲ್ಯಾನ್ ಗೊತ್ತಿರೋ ಇನ್ನೊಂದು ಒಳಗಿನ ಸರ್ವರ್ ಆಗಿರಬೇಕು. ಪಟ್ಟಿಯಲ್ಲಿರೋ ಎಲ್ಲ ಸರ್ವರೂ ಎಲ್ಲ ಪ್ರಶ್ನೆಗೂ ಒಂದೇ ಉತ್ತರ ಕೊಡಬೇಕು.

---

ಗಂಗಾವತಿ_ಪ್ಯಾಕೆಟ್

ಡೆಬಿಯನ್‌ನ 5 ಸೆಕೆಂಡಿನ ಬಗ್ಗೆ ನಾನು ಹೇಳುತ್ತೇನೆ.

ಸರಿಯಾಗಿ 5 ಸೆಕೆಂಡ್ ಅಂದರೆ ಅದು ಆಕಸ್ಮಿಕ ಅಲ್ಲ, ಜಿಲಿಬ್‌ಸಿ (ಲಿನಕ್ಸ್‌ನ ಮೂಲ ಲೈಬ್ರರಿ) ರಿಸಾಲ್ವರ್‌ನ ಡೀಫಾಲ್ಟ್ ಟೈಮ್‌ಔಟ್ ಅಷ್ಟೇ ಇದೆ. ಯಾವುದೋ ಒಂದು ಪ್ಯಾಕೆಟ್‌ಗೆ ಉತ್ತರ ಬರದೆ, 5 ಸೆಕೆಂಡ್ ಕಾದು, ಮತ್ತೆ ಕಳುಹಿಸಿದಾಗ ಕೆಲಸ ಆಗುತ್ತಿದೆ. ಸಾಮಾನ್ಯವಾಗಿ /ಇಟಿಸಿ/ರಿಸಾಲ್ವ್.ಕಾನ್ಫ್‌ನಲ್ಲಿ ಮೊದಲ ನೇಮ್‌ಸರ್ವರ್ ಸತ್ತಿದ್ದರೆ ಹೀಗಾಗುತ್ತದೆ. ಆದರೆ ನಿಮ್ಮಲ್ಲಿ ಒಂದೇ ಸರ್ವರ್ ಇದೆ, ಅದು ಬದುಕಿದೆ. ಹಾಗಾಗಿ ಉಳಿಯುವುದು ಎ ಮತ್ತು ಎಎಎಎ ಜೋಡಿಯ ಸಮಸ್ಯೆ.

ಪ್ರೋಗ್ರಾಮ್ ಒಂದು ಹೆಸರು ಕೇಳಿದಾಗ ಜಿಲಿಬ್‌ಸಿ ಎರಡು ಕ್ವೆರಿ ಕಳಿಸುತ್ತದೆ, ಐಪಿವಿ4ಗೆ ಎ, ಐಪಿವಿ6ಗೆ ಎಎಎಎ. ಎರಡೂ ಒಂದೇ ಸಾಕೆಟ್‌ನಿಂದ, ಅಂದರೆ ಒಂದೇ ಸೋರ್ಸ್ ಪೋರ್ಟ್‌ನಿಂದ, ಬೆನ್ನಿಗೆ ಬೆನ್ನು ಹೋಗುತ್ತವೆ. ಮೊದಲು ಲ್ಯಾಬ್ ಮತ್ತು ಸರ್ವರ್ ನಡುವೆ ಬರೀ ಸ್ವಿಚ್ ಇತ್ತು. ಈಗ ಫೈರ್‌ವಾಲ್ ಬಂದಿದೆ. ಕೆಲವು ಫೈರ್‌ವಾಲ್‌ಗಳು ಮೊದಲ ಉತ್ತರ ದಾಟಿದ ಕೂಡಲೇ ಆ ಡಿಎನ್‌ಎಸ್ ಸೆಷನ್ ಮುಗಿಯಿತು ಎಂದು ಬಾಗಿಲು ಹಾಕುತ್ತವೆ. ಎರಡನೇ ಉತ್ತರ ಆಚೆಯೇ ಬೀಳುತ್ತದೆ.

ಖಚಿತ ಮಾಡಿಕೊಳ್ಳುವುದು ಸುಲಭ. ‘ಟೈಮ್ ಗೆಟ್‌ಎಂಟ್ ಎಹೋಸ್ಟ್ಸ್‌ವಿ4 ಕೋಹಾ.ಕ್ಯಾಂಪಸ್.ಲ್ಯಾನ್’ ಹೊಡೆಯಿರಿ, ಇದು ಎ ಮಾತ್ರ ಕೇಳುತ್ತದೆ. ಆಮೇಲೆ ವಿ4 ತೆಗೆದು ‘ಟೈಮ್ ಗೆಟ್‌ಎಂಟ್ ಎಹೋಸ್ಟ್ಸ್’ ಹೊಡೆಯಿರಿ, ಇದು ಎರಡನ್ನೂ ಕೇಳುತ್ತದೆ. ಮೊದಲನೆಯದು ತಕ್ಷಣ ಬಂದು ಎರಡನೆಯದು 5 ಸೆಕೆಂಡ್ ತೆಗೆದುಕೊಂಡರೆ ಇದೇ ಕಾರಣ. ಡಿಗ್ ಈ ರೋಗವನ್ನು ತೋರಿಸುವುದಿಲ್ಲ, ಏಕೆಂದರೆ ಡಿಗ್ ಒಂದು ಸಲಕ್ಕೆ ಒಂದೇ ಕ್ವೆರಿ ಕಳಿಸುತ್ತದೆ. ‘ಡಿಗ್‌ನಲ್ಲಿ 3 ಮಿಲಿಸೆಕೆಂಡ್, ಹಾಗಾದರೆ ಡಿಎನ್‌ಎಸ್ ಸರಿ ಇದೆ’ ಎಂದು ಇಲ್ಲೇ ಬಹಳ ಜನ ದಾರಿ ತಪ್ಪುವುದು. ಕಣ್ಣಾರೆ ನೋಡಬೇಕಿದ್ದರೆ ಪಕ್ಕದ ಟರ್ಮಿನಲ್‌ನಲ್ಲಿ ‘ಟಿಸಿಪಿಡಂಪ್ -ಎನ್‌ಐ ಎನಿ ಪೋರ್ಟ್ 53’ ಓಡಿಸಿ: ಎರಡು ಪ್ರಶ್ನೆ, ಒಂದು ಉತ್ತರ, 5 ಸೆಕೆಂಡ್ ಮೌನ, ಮತ್ತೆ ಪ್ರಶ್ನೆ.

ಮದ್ದು: ರಿಸಾಲ್ವ್.ಕಾನ್ಫ್‌ನಲ್ಲಿ ‘ಆಪ್ಷನ್ಸ್ ಸಿಂಗಲ್-ರಿಕ್ವೆಸ್ಟ್-ರೀಓಪನ್’. ಜೋಡಿಗೆ ಸರಿಯಾಗಿ ಉತ್ತರ ಬರದಿದ್ದರೆ ಎರಡನೇ ಕ್ವೆರಿಗೆ ಹೊಸ ಸಾಕೆಟ್ ತೆರೆಯುತ್ತದೆ. ಬರೀ ‘ಸಿಂಗಲ್-ರಿಕ್ವೆಸ್ಟ್’ ಹಾಕಿದರೆ ಒಂದರ ನಂತರ ಒಂದು ಕಳಿಸುತ್ತದೆ, ಅದೂ ನಡೆಯುತ್ತದೆ. ಆ ಫೈಲನ್ನು ನೆಟ್‌ವರ್ಕ್‌ಮ್ಯಾನೇಜರ್ ಬರೆಯುತ್ತಿದ್ದರೆ ನೀವು ಕೈಯಿಂದ ಬರೆದದ್ದು ಮುಂದಿನ ಬೂಟ್‌ಗೆ ಅಳಿಸಿಹೋಗುತ್ತದೆ. ಆಗ ಎನ್‌ಎಂಸಿಎಲ್‌ಐನಲ್ಲಿ ಆ ಕನೆಕ್ಷನ್‌ನ ‘ಐಪಿವಿ4.ಡಿಎನ್‌ಎಸ್-ಆಪ್ಷನ್ಸ್’ಗೆ ಇದೇ ಬೆಲೆ ಕೊಡಿ. ಟೈಮ್‌ಔಟನ್ನು 1 ಸೆಕೆಂಡ್‌ಗೆ ಇಳಿಸಿ ಮುಚ್ಚಿಹಾಕುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ, ಪ್ಯಾಕೆಟ್ ಕಳೆಯುವುದು ಹಾಗೇ ಇರುತ್ತದೆ, ಕಾಣುವುದು ಮಾತ್ರ ಕಡಿಮೆ. ಉಬುಂಟು ಯಂತ್ರಗಳಿಗೆ ಈ ಸಾಲು ಬೇಡ. ಅಲ್ಲಿ ಹೊರಗೆ ಮಾತಾಡುವುದು ರಿಸಾಲ್ವ್ಡ್, ಜಿಲಿಬ್‌ಸಿ ಮಾತಾಡುವುದು 127.0.0.53ರ ಜತೆ ಮಾತ್ರ.

ಫೈರ್‌ವಾಲ್ ಸರ್ ಹತ್ತಿರ ಹೋದಾಗ ಇನ್ನೊಂದು ಕೇಳಿ: ಲ್ಯಾಬ್‌ನಿಂದ 10.20.0.2ಗೆ ಪೋರ್ಟ್ 53 ಯುಡಿಪಿ ಮಾತ್ರ ಬಿಟ್ಟಿದ್ದಾರೋ, ಟಿಸಿಪಿಯೂ ಉಂಟೋ? ‘ಡಿಗ್ +ಟಿಸಿಪಿ @10.20.0.2 ಕೋಹಾ.ಕ್ಯಾಂಪಸ್.ಲ್ಯಾನ್’ ಹೊಡೆದರೆ ಗೊತ್ತಾಗುತ್ತದೆ. ಟಿಸಿಪಿ ಝೋನ್ ಟ್ರಾನ್ಸ್‌ಫರ್‌ಗೆ ಮಾತ್ರ ಎಂಬ ಹಳೆಯ ನಂಬಿಕೆ ಇನ್ನೂ ಇದೆ. ಯುಡಿಪಿಯಲ್ಲಿ ಹಿಡಿಸದ ಉತ್ತರಕ್ಕೆ ಸರ್ವರ್ ‘ಕತ್ತರಿಸಿದ್ದೇನೆ’ ಎಂಬ ಟಿಸಿ ಫ್ಲ್ಯಾಗ್ ಹಾಕಿ ಕಳಿಸುತ್ತದೆ, ಆಗ ಕ್ಲೈಂಟ್ ಟಿಸಿಪಿಯಲ್ಲಿ ಮತ್ತೆ ಕೇಳಲೇಬೇಕು. ಟಿಸಿಪಿ ಮುಚ್ಚಿದ್ದರೆ ಚಿಕ್ಕ ಉತ್ತರದ ಹೆಸರುಗಳು ಸಿಗುತ್ತವೆ, ದೊಡ್ಡ ಉತ್ತರದವು ಸಿಗುವುದಿಲ್ಲ. ಹುಡುಕಲು ಇದಕ್ಕಿಂತ ಕಷ್ಟದ ದೋಷ ಇಲ್ಲ. ಬೈಂಡ್ ಸರ್ವರ್‌ನಲ್ಲಿ ಯುಡಿಪಿ ಗಾತ್ರ 1232 ಬೈಟ್ ಇರಲಿ. ಐಪಿವಿ6ನ ಕನಿಷ್ಠ ಎಂಟಿಯು (ತುಂಡಾಗದೆ ಹೋಗಬಲ್ಲ ಪ್ಯಾಕೆಟ್ ಗಾತ್ರ) 1280, ಅದರಲ್ಲಿ ಐಪಿ ಹೆಡರ್ 40, ಯುಡಿಪಿ ಹೆಡರ್ 8 ಕಳೆದರೆ 1232. ಅಷ್ಟರೊಳಗಿದ್ದರೆ ಪ್ಯಾಕೆಟ್ ತುಂಡಾಗುವುದಿಲ್ಲ, ತುಂಡುಗಳನ್ನು ಎಸೆಯುವ ಫೈರ್‌ವಾಲ್ ಇದ್ದರೂ ದಾಟುತ್ತದೆ.

---

ಸಿಂಧನೂರು_ಶೆಲ್

ಪ್ರಿಂಟ್.ಲೋಕಲ್ ಬಗ್ಗೆ ಸಣ್ಣ ಮಾತು. ಡಾಟ್ ಲೋಕಲ್ ಅನ್ನೋ ಬಾಲ 2013ರಾಗೇ ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ ಮೀಸಲಾಗ್ಯದ. ಉಬುಂಟು ಅದನ್ನ ಪಾಲಿಸ್ತದ: ಆ ಹೆಸರನ್ನ 10.20.0.2ಗೆ ಕೇಳೋದೇ ಇಲ್ಲ, ತನ್ನ ಸಬ್‌ನೆಟ್‌ನ್ಯಾಗ 224.0.0.251ಗೆ ಕೂಗಿ ಕೇಳ್ತದ. ಆ ಕೂಗು ವಿಲ್ಯಾನ್ ದಾಟಲ್ಲ. /ಇಟಿಸಿ/ಎನ್‌ಎಸ್‌ಸ್ವಿಚ್.ಕಾನ್ಫ್ ತೆರೆದು ‘ಹೋಸ್ಟ್ಸ್’ ಸಾಲು ನೋಡ್ರಿ, ‘ಎಂಡಿಎನ್‌ಎಸ್4_ಮಿನಿಮಲ್ [ನಾಟ್‌ಫೌಂಡ್=ರಿಟರ್ನ್]’ ಅಂತ ‘ಡಿಎನ್‌ಎಸ್’ಗಿಂತ ಮುಂಚೆ ಇರ್ತದ. ಅಲ್ಲೇ ‘ಇಲ್ಲ’ ಅಂತ ವಾಪಸ್, ಮುಂದಿನದಕ್ಕೆ ಪಾಳಿ ಬರಂಗಿಲ್ಲ.

ಆ ಸಾಲು ತಿದ್ದಿ 20 ಯಂತ್ರದಾಗ ಓಡಾಡಬ್ಯಾಡ್ರಿ. ಸರ್ವರ್‌ನ್ಯಾಗ ಪ್ರಿಂಟ್.ಕ್ಯಾಂಪಸ್.ಲ್ಯಾನ್ ಅಂತ ಇನ್ನೊಂದು ಎ ದಾಖಲೆ ಹಾಕಸ್ರಿ, ಹಳೇ ಹೆಸರು ವಿಂಡೋಸ್‌ಗೆ ಇರಲಿ.

ನಿಜ ಹೇಳಬೇಕಂದ್ರ ಡಾಟ್ ಲ್ಯಾನ್ ಕೂಡ ಯಾರೂ ಮೀಸಲಿಟ್ಟ ಬಾಲ ಅಲ್ಲ. ಕಾಲೇಜಿಗೆ ಎಸಿ.ಇನ್ ಡೊಮೇನ್ ಇದ್ರ (ಅವನ್ನ ಕೊಡೋದು ಅರ್ನೆಟ್ ಇಂಡಿಯಾ) ಅದರ ಕೆಳಗ ಒಂದು ಒಳಗಿನ ಉಪಡೊಮೇನ್ ಮಾಡಿದ್ರ ಯಾವ ಕಾಲಕ್ಕೂ ತಕರಾರಿಲ್ಲ. ಅದು ಆಗದಿದ್ರ ಡಾಟ್ ಇಂಟರ್ನಲ್, ಅದನ್ನ ಡೊಮೇನ್ ಹೆಸರು ನೋಡಿಕೊಳ್ಳೋ ಐಕ್ಯಾನ್ 2024ರಾಗ ಖಾಸಗಿ ಬಳಕೆಗೆ ಅಂತಲೇ ಬಿಟ್ಟುಕೊಟ್ಟದ.

---

ಕೊಪ್ಪಳ_ಯುಪಿಎಸ್

ನಡುವೆ ಬಾಯಿ ಹಾಕ್ತೀನಿ, ಕ್ಷಮಿಸ್ರಿ. ನಮ್ಮ ಕಡೆ ಇದಕ್ಕೆ ಹತ್ತಿರದ್ದೊಂದು ಐತಿ. ಕರೆಂಟ್ ಬಹಳ ಹೊತ್ತು ಹೋಗಿ ಯುಪಿಎಸ್ ಕೂಡ ಮಲಗಿ, ಮತ್ತ ಎಲ್ಲಾ ಚಾಲೂ ಆದಾಗ ಹೊರಗಿನ ಎಲ್ಲಾ ಹೆಸರಿಗೂ ಸರ್ವ್‌ಫೇಲ್ ಬರ್ತೈತಿ. ಒಳಗಿನ ಹೆಸರು ಸರಿ ಇರ್ತಾವ. ಸರ್ವರ್ ಬೈಂಡ್. ನೇಮ್ಡ್ ಎಷ್ಟು ಸಲ ರೀಸ್ಟಾರ್ಟ್ ಮಾಡಿದ್ರೂ ಹಂಗೇ.

---

ಬಳ್ಳಾರಿ_ಬೈಂಡ್

ಅಣ್ಣಾರೆ, ಮೊದಲು ಆ ಸರ್ವರ್‌ನಲ್ಲಿ ‘ಡೇಟ್’ ಹೊಡೀರಿ. ತಾರೀಕು ತಪ್ಪಿದ್ರೆ ಅಲ್ಲಿಗೆ ಹುಡುಕೋದು ಮುಗೀತು.

ಬೈಂಡ್ ಡೀಫಾಲ್ಟಾಗಿ ಡಿಎನ್‌ಎಸ್‌ಸೆಕ್ ಪರೀಕ್ಷೆ ಮಾಡುತ್ತೆ, ಅಂದ್ರೆ ಉತ್ತರದ ಡಿಜಿಟಲ್ ಸಹಿ ಸರಿ ಇದೆಯಾ ಅಂತ ನೋಡುತ್ತೆ. ಪ್ರತಿ ಸಹಿಗೂ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತೆ. ಗಡಿಯಾರ ಹಿಂದಿನ ವರ್ಷಕ್ಕೆ ಹೋಗಿದ್ರೆ ರೂಟ್‌ನ ಸಹಿಯೇ ‘ಇನ್ನೂ ಶುರುವಾಗಿಲ್ಲ’ ಅನ್ನಿಸುತ್ತೆ, ಸರಪಳಿ ಮೇಲಿಂದಲೇ ಕಡೀತು. ಸಹಿ ಇಲ್ಲದ ಡೊಮೇನ್ ಕೂಡ ಸಿಗಲ್ಲ, ‘ಇದಕ್ಕೆ ಸಹಿ ಇಲ್ಲ’ ಅನ್ನೋದಕ್ಕೂ ಮೇಲಿನವರ ಸಹಿ ಬೇಕು. ನಿಮ್ಮ ಸ್ವಂತ ಝೋನ್‌ಗೆ ಸರ್ವರ್ ತಾನೇ ಒಡೆಯ, ಅದಕ್ಕೆ ಈ ಪರೀಕ್ಷೆ ಇಲ್ಲ. ಒಳಗಿನದು ಸರಿ, ಹೊರಗಿನದು ಸರ್ವ್‌ಫೇಲ್ ಅಂದ್ರೆ ಇದೇ ಮೊದಲ ಅನುಮಾನ. ಖಚಿತಕ್ಕೆ ‘ಡಿಗ್ +ಸಿಡಿ @127.0.0.1’ ಅಂತ ಅದೇ ಹೊರಗಿನ ಹೆಸರು ಕೇಳ್ರಿ. ಪ್ಲಸ್ ಸಿಡಿ ಅಂದ್ರೆ ಪರೀಕ್ಷೆ ಮಾಡಬೇಡ ಅಂತ. ಅದರಲ್ಲಿ ಉತ್ತರ ಬಂದು ಅದಿಲ್ಲದೆ ಸರ್ವ್‌ಫೇಲ್ ಬಂದ್ರೆ ಡಿಎನ್‌ಎಸ್‌ಸೆಕ್‌ನದ್ದೇ ತೊಡಕು.

ಗಡಿಯಾರ ತಾನಾಗಿ ಯಾಕೆ ಸರಿ ಆಗಲ್ಲ ಅಂದ್ರೆ, ಸಮಯ ಹೇಳೋ ಎನ್‌ಟಿಪಿ ಸರ್ವರನ್ನ ಹೆಸರಿನಿಂದ ಬರೆದಿರ್ತಾರೆ. ಸಮಯ ಸರಿ ಆಗೋಕೆ ಹೆಸರು ಬೇಕು, ಹೆಸರು ಬಿಡಿಸೋಕೆ ಸಮಯ ಸರಿ ಇರಬೇಕು. ಗಡಿಯಾರ ಸರಿಪಡಿಸೋ ಕ್ರೋನಿಯ ಕಾನ್ಫಿಗ್‌ನಲ್ಲಿ ಕನಿಷ್ಠ ಒಂದು ಎನ್‌ಟಿಪಿ ಮೂಲವನ್ನ ಐಪಿ ವಿಳಾಸದಲ್ಲೇ ಬರೀರಿ, ಕ್ಯಾಂಪಸ್ ಒಳಗೇ ಒಂದಿದ್ರೆ ಇನ್ನೂ ಒಳ್ಳೇದು. ‘ಮೇಕ್‌ಸ್ಟೆಪ್ 1 3’ ಸಾಲು ಇರಲಿ, ಮೊದಲ 3 ಸಲ ಸರಿಪಡಿಸುವಾಗ 1 ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಇದ್ರೆ ಒಂದೇ ಏಟಿಗೆ ಸರಿ ಮಾಡುತ್ತೆ. ಆಮೇಲೆ ಕ್ಯಾಬಿನೆಟ್ ಬಿಚ್ಚಿ ಮದರ್‌ಬೋರ್ಡ್‌ನ ಸೆಲ್ ಬದಲಾಯಿಸ್ರಿ, ಸಾಮಾನ್ಯವಾಗಿ ಸಿಆರ್2032, 3 ವೋಲ್ಟ್. ಕರೆಂಟ್ ಹೋದಾಗಲೆಲ್ಲ ತಾರೀಕು ಹಿಂದೆ ಹೋಗೋದು ಆ ಸೆಲ್ ಸತ್ತಿರೋದರಿಂದ. ಡಿಎನ್‌ಎಸ್‌ಸೆಕ್ ಪರೀಕ್ಷೆಯನ್ನೇ ಆಫ್ ಮಾಡ್ರಿ ಅಂತ ಯಾರಾದ್ರೂ ಹೇಳಿದ್ರೆ ಕೇಳಬೇಡ್ರಿ.

---

ರಾಯಚೂರು_ಲ್ಯಾಬ್

ಎಲ್ಲರಿಗೂ ಬಹಳ ಧನ್ಯವಾದ್ರಿ. ಇಲ್ಲೀತನಕ ಆದದ್ದು:

ಸರ್ವರ್ ಲಾಗ್‌ನ್ಯಾಗ ‘ಡಿನೈಡ್’ ಸಾಲು ಸಾವಿರಗಟ್ಟಲೆ ಇದ್ವು. ಅಲೋ-ರಿಕರ್ಷನ್ ಸೇರಿಸಿದ್ರು, ರಿಫ್ಯೂಸ್ಡ್ ಹೋತು. ಎಪಿಟಿ ಪ್ರಾಕ್ಸಿ ಹಾಕಿದ ಮೇಲೆ ಅಪ್‌ಡೇಟ್ ಓಡ್ತದ. ಡೆಬಿಯನ್‌ನ್ಯಾಗ ವಿ4 ತಕ್ಷಣ, ಜೋಡಿ 5 ಸೆಕೆಂಡ್, ನೀವು ಹೇಳಿದಂಗೇ. ರೀಓಪನ್ ಹಾಕಿದ ಮೇಲೆ ತಡ ಹೋಗ್ಯದ. +ಟಿಸಿಪಿ ಟೈಮ್‌ಔಟ್ ಆಗ್ತಿತ್ತು, ಅದನ್ನೂ ತೆರೆದಾರ. ಪ್ರಿಂಟ್‌ಗೆ ಹೊಸ ಹೆಸರು ಹಾಕ್ಯಾರ.

ಉಳಿದದ್ದು ಮೂರು. ಡಿಎಚ್‌ಸಿಪಿಯಿಂದ 8.8.8.8 ತೆಗೆದ್ರೂ ಅರ್ಧ ಯಂತ್ರದಾಗ ಇನ್ನೂ ಕಾಣ್ತದ. ಎರಡು ಯಂತ್ರದ ಫೈರ್‌ಫಾಕ್ಸ್‌ನ್ಯಾಗ ಮಾತ್ರ ಕೋಹಾ ತೆರೆಯವಲ್ದು, ಪಿಂಗ್ ಹೋಗ್ತದ. ಲ್ಯಾಬ್ ವೈಫೈ ಹಿಡಿದ ಕೆಲವರ ಆಂಡ್ರಾಯ್ಡ್ ಫೋನ್‌ನ್ಯಾಗ ‘ಇಂಟರ್ನೆಟ್ ಇಲ್ಲ’ ಅಂತದ.

---

ಗಂಗಾವತಿ_ಪ್ಯಾಕೆಟ್

8.8.8.8 ಉಳಿದಿರುವುದು ಹಳೆಯ ಲೀಸ್‌ನಿಂದ (ಡಿಎಚ್‌ಸಿಪಿ ಒಂದು ಅವಧಿಗೆ ಕೊಟ್ಟ ವಿಳಾಸ). ಯಂತ್ರ ಲೀಸ್ ಅವಧಿಯ ಅರ್ಧ ಮುಗಿದಾಗ ನವೀಕರಣ ಕೇಳುತ್ತದೆ, ಹೊಸ ಆಪ್ಷನ್‌ಗಳು ಆಗ ಸಿಗುತ್ತವೆ. ಡಿಎಚ್‌ಸಿಪಿ ವಿಂಡೋಸ್ ಸರ್ವರ್‌ನದ್ದಾದರೆ ಡೀಫಾಲ್ಟ್ ಲೀಸ್ 8 ದಿನ, ಅಂದರೆ ಹೆಚ್ಚೆಂದರೆ 4 ದಿನ ಕಾಯಬೇಕು. ಕಾಯಲು ಆಗದಿದ್ದರೆ ವಿಂಡೋಸ್‌ನಲ್ಲಿ ಐಪಿಕಾನ್ಫಿಗ್ /ರಿನ್ಯೂ, ಆಮೇಲೆ ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್. ಉಬುಂಟುದಲ್ಲಿ ಕನೆಕ್ಷನ್ ಡೌನ್ ಮಾಡಿ ಅಪ್ ಮಾಡಿ, ನಂತರ ರಿಸಾಲ್ವ್‌ಸಿಟಿಎಲ್ ಫ್ಲಶ್-ಕ್ಯಾಶೆಸ್. ನವೀಕರಿಸಿದ ಮೇಲೂ 8.8.8.8 ಕಂಡರೆ ಯಾರೋ ಆ ಯಂತ್ರದಲ್ಲಿ ಕೈಯಿಂದ ಬರೆದಿದ್ದಾರೆ.

ಫೈರ್‌ಫಾಕ್ಸ್‌ಗೆ ಎರಡು ಜಾಗ ನೋಡಿ. ಪ್ರಾಕ್ಸಿ ಸೆಟ್ಟಿಂಗ್‌ನಲ್ಲಿ ‘ನೋ ಪ್ರಾಕ್ಸಿ ಫಾರ್’ ಪಟ್ಟಿಯಲ್ಲಿ .ಕ್ಯಾಂಪಸ್.ಲ್ಯಾನ್ ಇರಬೇಕು. ಇಲ್ಲದಿದ್ದರೆ ಕೋಹಾ ವಿನಂತಿಯೂ ಪ್ರಾಕ್ಸಿಗೆ ಹೋಗುತ್ತದೆ. ಅದು ಸರಿ ಇದ್ದರೆ ‘ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್’ ನೋಡಿ. ಯಾರೋ ಅದನ್ನು ‘ಮ್ಯಾಕ್ಸ್ ಪ್ರೊಟೆಕ್ಷನ್’ಗೆ ಇಟ್ಟಿದ್ದರೆ ಯಂತ್ರದ ಡಿಎನ್‌ಎಸ್ ಅನ್ನು ಫೈರ್‌ಫಾಕ್ಸ್ ಕೇಳುವುದೇ ಇಲ್ಲ, ಹೊರಗಿನ ಸರ್ವರ್‌ಗೆ ಕೋಹಾ ಗೊತ್ತಿಲ್ಲ. ಪಿಂಗ್ ಹೋಗಿ ಬ್ರೌಸರ್ ಸೋಲುವುದು ಇದರ ಗುರುತು. ಲ್ಯಾಬ್ ಯಂತ್ರಗಳಲ್ಲಿ ಅದನ್ನು ಆಫ್ ಮಾಡಿ. ಎಲ್ಲ ಯಂತ್ರಕ್ಕೂ ಒಮ್ಮೆಲೇ ಆಗಬೇಕಿದ್ದರೆ ಫೈರ್‌ಫಾಕ್ಸ್‌ನ ಪಾಲಿಸೀಸ್.ಜೇಸನ್ ಫೈಲಿನಲ್ಲಿ ಬರೆಯಬಹುದು.

ಫೋನಿನದು ಪ್ರೈವೇಟ್ ಡಿಎನ್‌ಎಸ್ (ಎನ್‌ಕ್ರಿಪ್ಟ್ ಮಾಡಿ ಕೇಳುವ ಡಿಎನ್‌ಎಸ್). ಸೆಟ್ಟಿಂಗ್‌ನಲ್ಲಿ ಯಾವುದಾದರೂ ಹೆಸರು ಬರೆದಿಟ್ಟಿದ್ದರೆ ಆಂಡ್ರಾಯ್ಡ್ ಸಾಮಾನ್ಯವಾಗಿ ಪೋರ್ಟ್ 853ರಲ್ಲೇ ಕೇಳುತ್ತದೆ, ಮಾಮೂಲಿ 53ಕ್ಕೆ ಇಳಿಯುವುದಿಲ್ಲ. ನಿಮ್ಮ ಫೈರ್‌ವಾಲ್‌ನಲ್ಲಿ ಅದು ಮುಚ್ಚಿರುತ್ತದೆ, ಹಾಗಾಗಿ ಫೋನಿಗೆ ಇಂಟರ್ನೆಟ್ಟೇ ಇಲ್ಲ. ‘ಆಟೋಮ್ಯಾಟಿಕ್’ಗೆ ಇಟ್ಟರೆ 853 ಸಿಗದಾಗ ಮಾಮೂಲಿ 53ಕ್ಕೆ ಇಳಿಯುತ್ತದೆ. 853 ತೆರೆಸಲು ಹೋಗಬೇಡಿ, ಕ್ಯಾಂಪಸ್‌ನ ನಿಯಮ ಅವರದು. ತೆರೆದರೂ ಆ ಫೋನ್‌ಗಳಿಗೆ ಕೋಹಾ ಸಿಗುವುದಿಲ್ಲ.

---

ರಾಯಚೂರು_ಲ್ಯಾಬ್

ಫೈರ್‌ಫಾಕ್ಸ್ ಒಂದರಾಗ ಆ ಪಟ್ಟಿಯೊಳಗ ಕ್ಯಾಂಪಸ್.ಲ್ಯಾನ್ ಇರಲಿಲ್ಲ, ಇನ್ನೊಂದರಾಗ ಮ್ಯಾಕ್ಸ್ ಪ್ರೊಟೆಕ್ಷನ್ ಇತ್ತು. ಎರಡೂ ಸರಿ ಆದ್ವು. ಫೋನ್‌ಗಳೂ ಆಟೋಮ್ಯಾಟಿಕ್‌ಗೆ ಇಟ್ಟ ಮೇಲೆ ಸರಿ. ಲೀಸ್ ಹೊಸದು ಮಾಡಿದ ಮೇಲೆ 3 ಯಂತ್ರದಾಗ ಮಾತ್ರ 8.8.8.8 ಉಳೀತು, ಮೂರರಾಗೂ ಕೈಯಿಂದ ಬರದಿದ್ರು, ತೆಗೆದೀನಿ. ಈಗ 46 ಯಂತ್ರದಾಗೂ ಕೋಹಾ ಸಿಗ್ತದ. ಫೈರ್‌ವಾಲ್ ತಿರುಗಿಸೋ ನಿಯಮ ಹಂಗೇ ಇರಲೇನ್ರಿ?

---

ಬಳ್ಳಾರಿ_ಬೈಂಡ್

ಇರಲಿ ಬಿಡ್ರಿ, ಅದರಿಂದ ಈಗ ತೊಂದರೆ ಇಲ್ಲ. ಒಂದು ಮಾತ್ರ ಸರ್‌ಗೆ ಹೇಳ್ರಿ: ತಿರುಗಿಸೋದಾದ್ರೆ ರಿಲೇಗೆ ಬದಲು 10.20.0.2ಗೇ ತಿರುಗಿಸಲಿ. ಆಗ ಯಾರು 8.8.8.8 ಬರೆದ್ರೂ ಒಳಗಿನ ಹೆಸರು ಸಿಗುತ್ತೆ. ಆದ್ರೆ 10.20.0.2 ತಾನು ಹೊರಗೆ ಕಳಿಸೋ ಕ್ವೆರಿಗೆ ಆ ನಿಯಮದಿಂದ ವಿನಾಯಿತಿ ಇರಲೇಬೇಕು, ಇಲ್ಲಾಂದ್ರೆ ಸರ್ವರ್ ತನ್ನನ್ನೇ ಕೇಳ್ಕೊಂಡು ಸುತ್ತುತ್ತೆ. ಬದಲಾಯಿಸಿದ ಮೇಲೆ ಮತ್ತೆ ‘ಡಿಗ್ @192.0.2.1 ಕೋಹಾ.ಕ್ಯಾಂಪಸ್.ಲ್ಯಾನ್’ ಹೊಡೀರಿ, ಈ ಸಲ 10.20.0.25 ಬರಬೇಕು.